ಕೋಟೆ ನೋಡೋಕೆ ಬರೋ ಮೊಮ್ಮಗಳಿಗೆ

ಪುಟ್ಟಿ, ಫೆಬ್ರವರಿಗೆ ಗೆಳತಿಯರನ್ನೂ ಕರ್ಕೊಂಡು ಬರ್ತೀಯಂತೆ, ಸಂತೋಷ.

• ಬಂದ ತಕ್ಷಣ ಹೊಳೆ ಎಲ್ಲಿ ಅಂತ ಕೇಳಬೇಡಿ. ಕೊರಟಗೆರೆ ಸುವರ್ಣಮುಖಿ ದಂಡೆಯ ಊರೇ. ಜಯಮಂಗಲಿಯೂ ದೇವರಾಯನದುರ್ಗದಲ್ಲಿ ಹುಟ್ಟಿ ಇತ್ತಲೇ ಬರೋದು. ಮಳೆ ಹೋದ್ಮೇಲೆ ಸೇತುವೆಯಿಂದ ಕಾಣೋದು ಬರೀ ಮರಳು, ಜಾಲಿ. ನೀರಿನ ಕಥೆ ತಿಳೀಬೇಕಾದ್ರೆ ಬೆಟ್ಟ ಹತ್ತಬೇಕು.

• ಮಧುಗಿರಿ ಬೆಟ್ಟ ಒಂದೇ ಬಂಡೆ, ಸಮುದ್ರಮಟ್ಟದಿಂದ 1,193 ಮೀಟರ್. ಬೆಳಕು ಹರಿಯುತ್ತಲೇ ಹತ್ತೋಕೆ ಶುರುಮಾಡಿ, ಬಂಡೆ ಕಾದ ಮೇಲೆ ಇಳಿಯೋದೂ ಹಿಂಸೆ. ತಲೆಗೆ ಎರಡು ಲೀಟರ್ ನೀರು ಕೆಳಗಿಂದಲೇ ಹೊತ್ಕೊಂಡು ಹೋಗಿ. ದಾರಿಯಲ್ಲಿ ದೊಣೆ ಕಂಡರೆ ನಿಂತು ನೋಡು. ಶತ್ರು ಮುತ್ತಿಗೆ ಹಾಕಿದಾಗ ಕೋಟೆಯವರ ಜೀವ ಉಳಿಸಬೇಕಾಗಿದ್ದು ಬಂಡೆ ಮೇಲಿಂದ ಇಳಿದು ನಿಂತ ಆ ಮಳೆನೀರೇ. ಹಾಗಂತ ಕುಡಿಯಬೇಡಿ, ಇಳೀಬೇಡಿ. ಅಂಚು ಪಾಚಿ. ಹನಿ ಬಿತ್ತೋ, ಎಲ್ಲಿದ್ದೀರೋ ಅಲ್ಲಿಂದ ವಾಪಸ್. ತುದಿ ಮುಟ್ಟಲೇಬೇಕು ಅನ್ನೋ ಹಟ ನಮ್ಮ ಮನೆಯವರಿಗೆ ಸ್ವಲ್ಪ ಜಾಸ್ತಿ, ಅದಕ್ಕೇ ಹೇಳ್ತಿದ್ದೀನಿ.

• ಸೆಂಟು ಬೇಡ, ಹೊಗೆಯಂತೂ ಬೇಡವೇ ಬೇಡ. ಹೆಜ್ಜೇನು ಎದ್ದರೆ ಓಡೋಕೆ ಜಾಗ ಇರಲ್ಲ. ಕೋತಿ ಮುಂದೆ ತಿಂಡಿ ಪೊಟ್ಟಣ ಬಿಚ್ಚಬೇಡಿ.

• ಶಿರಾನ ಹೈವೇಲಿ ದಾಟಿಕೊಂಡು ಹೋಗಿಬಿಡ್ತಾರೆ ಜನ. 1687ರಿಂದ ಅದು ಮೊಗಲರ ಸುಬಾದ ರಾಜಧಾನಿ ಕಣಮ್ಮ! 1651ರ ಮಲಿಕ್ ರಿಹಾನ್ ಗೋರಿ, 1696ರ ಜಾಮಿಯಾ ಮಸೀದಿ ನೋಡಿ. ಚಪ್ಪಲಿ ಹೊರಗೆ, ತಲೆ ಮೇಲೆ ದುಪಟ್ಟ. ಶುಕ್ರವಾರ ನಮಾಜಿನ ಹೊತ್ತಲ್ಲಿ ಹೋಗಬೇಡಿ. ಹೊತ್ತಿದ್ದರೆ ಕಗ್ಗಲಡುಗೂ ಹೋಗಿಬನ್ನಿ, ಊರೊಳಗಿನ ಹುಣಸೆಮರಗಳಲ್ಲೇ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಫೋಟೊಗೋಸ್ಕರ ಚಪ್ಪಾಳೆ ತಟ್ಟಿ ಎಬ್ಬಿಸಬೇಡಿ.

• ಪಾವಗಡಕ್ಕೆ ಶನಿವಾರ ಬೇಡ, ಶನಿಮಹಾತ್ಮನ ಗುಡಿ ಮುಂದೆ ಕಾಲಿಡೋಕೆ ಜಾಗ ಸಿಗಲ್ಲ. ತಿರುಮಣಿ ಕಡೆ ಸೋಲಾರ್ ಪಾರ್ಕ್ ನೋಡ್ತೀವಿ ಅಂದ್ರೆ ನೋಡಿ, ಸುಮಾರು 13,000 ಎಕರೆ. ಮಳೆ ನಂಬಿ ಸೋತ ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು.

• ಮುದ್ದೆ ಅಗಿಯಬಾರದು, ಸಾರಲ್ಲಿ ಅದ್ದಿ ನುಂಗಬೇಕು ಅಂತ ಗೆಳತಿಯರಿಗೆ ಮೊದಲೇ ಹೇಳಿಡು. ಬರೋ ಹಿಂದಿನ ದಿನ ಫೋನ್ ಮಾಡು, ನಿಮ್ಮಜ್ಜಿ ಅವರೆಕಾಳು ನೆನೆಹಾಕಬೇಕು.