ಪರದೆಯ ಮುಂದೆ ಹಿರಿಯರ ಮೌನ

ಮಗ್ರಿಬ್ ನಮಾಝ್ ಮುಗಿಸಿ ನೀವು ಮನೆಗೆ ಬರುತ್ತೀರಿ. ಪಡಸಾಲೆಯಲ್ಲಿ ಟಿ.ವಿ. ನಡೆದಿದೆ. ಸಿನೆಮಾದ ನಾಯಕ ಮಚ್ಚು ಹಿಡಿದು ಹತ್ತು ಮಂದಿಯನ್ನು ಕಡಿದು ಹಾಕುತ್ತಿದ್ದಾನೆ. ನಿಮ್ಮ ಏಳು ವರ್ಷದ ಮಗ ಕೈಯಲ್ಲಿನ ರೊಟ್ಟಿಯನ್ನು ಮರೆತು ಅದನ್ನೇ ನೋಡುತ್ತಿದ್ದಾನೆ. ನೀವೂ ಗೋಡೆಗೆ ಒರಗಿ ಕುಳಿತು ನೋಡತೊಡಗುತ್ತೀರಿ. ಏನೂ ಮಾತಾಡುವುದಿಲ್ಲ. ‘ನಾನು ಪಕ್ಕದಲ್ಲೇ ಇದ್ದೇನಲ್ಲ, ಇನ್ನೇನು ಚಿಂತೆ?’ ಎಂಬುದು ನಿಮ್ಮ ಸಮಾಧಾನ. ಪ್ರಿಯ ವಾಚಕರೇ, ಈ ಸಮಾಧಾನ ಎಷ್ಟು ಸರಿ ಎಂಬುದನ್ನು ಪರಿಶೀಲಿಸೋಣ.

ಹಿಂಸಾದೃಶ್ಯಗಳು ಮಕ್ಕಳ ಮೇಲೆ ಬೀರುವ ಪ್ರಭಾವದ ಕುರಿತು ಅರುವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಸಂಶೋಧನೆ ನಡೆದಿದೆ. 1961ರಲ್ಲಿ ಅಮೇರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು 72 ಎಳೆಯ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಸಿದರು. ಕೆಲವು ಮಕ್ಕಳ ಎದುರಿಗೆ ದೊಡ್ಡವರೊಬ್ಬರು ಗಾಳಿ ತುಂಬಿದ ಗೊಂಬೆಯನ್ನು ಸುತ್ತಿಗೆಯಿಂದ ಬಡಿದರು, ಒದ್ದರು. ಅನಂತರ ಗೊಂಬೆಯ ಬಳಿ ಬಿಟ್ಟಾಗ ಹಲವು ಮಕ್ಕಳು ಅದೇ ಹೊಡೆತಗಳನ್ನು ಹಾಗೆಯೇ ನಕಲು ಮಾಡಿದರು. 1963ರಲ್ಲಿ ಅದನ್ನು ಚಲನಚಿತ್ರವಾಗಿ ತೋರಿಸಿದಾಗಲೂ ಮಕ್ಕಳು ನಕಲು ಮಾಡಿದರು. 1965ರ ಪ್ರಯೋಗ ಇನ್ನೂ ಗಮನಾರ್ಹವಾದುದು. ಹೊಡೆದವನಿಗೆ ಶಿಕ್ಷೆಯಾಗುವುದನ್ನು ಕಂಡ ಮಕ್ಕಳು ಕಡಿಮೆ ನಕಲು ಮಾಡಿದರು. ಆದರೆ ‘ನೋಡಿದ್ದನ್ನು ಮಾಡಿ ತೋರಿಸಿದರೆ ಬಹುಮಾನ’ ಎಂದಾಗ ಅವರೂ ಉಳಿದವರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು! ಕಲಿತದ್ದು ಒಳಗೇ ಇತ್ತು, ಹೊರಗೆ ಬಂದಿರಲಿಲ್ಲ ಅಷ್ಟೇ. ಕೊನೆಯಲ್ಲಿ ಕೆಟ್ಟವನಿಗೆ ಶಿಕ್ಷೆಯಾಗುತ್ತದಲ್ಲ ಎನ್ನುವವರು ಇದನ್ನು ಯೋಚಿಸಬೇಕು. ಅಷ್ಟಕ್ಕೂ ನಮ್ಮ ಸಿನೆಮಾಗಳಲ್ಲಿ ಹೆಚ್ಚು ಜನರನ್ನು ಕಡಿಯುವವನು ನಾಯಕನೇ. ಅವನಿಗೆ ಶಿಕ್ಷೆ ಎಲ್ಲಿದೆ?

ಗೊಂಬೆಯನ್ನು ಹೊಡೆಯುವುದೂ ಮನುಷ್ಯನನ್ನು ಹೊಡೆಯುವುದೂ ಒಂದೆಯೇ ಎಂದು ನೀವು ಕೇಳಬಹುದು. ಆಕ್ಷೇಪ ನ್ಯಾಯವಾದುದೇ. ಆದ್ದರಿಂದ ಮಿಚಿಗನ್ ವಿಶ್ವವಿದ್ಯಾನಿಲಯದವರು ಶಿಕಾಗೋ ಪ್ರದೇಶದ ಮಕ್ಕಳನ್ನು ಹದಿನೈದು ವರ್ಷಗಳ ಬಳಿಕ ಮತ್ತೆ ಹುಡುಕಿ ವಿಚಾರಿಸಿದರು. 2003ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ, ಬಾಲ್ಯದಲ್ಲಿ ಹಿಂಸೆಯ ಕಾರ್ಯಕ್ರಮಗಳನ್ನು ಹೆಚ್ಚು ನೋಡಿದವರಲ್ಲಿ ದೊಡ್ಡವರಾದ ಮೇಲೂ ಆಕ್ರಮಣಶೀಲತೆ ಹೆಚ್ಚಿತ್ತು, ಗಂಡಸರಲ್ಲೂ ಹೆಂಗಸರಲ್ಲೂ. ‘ನಾನೂ ಅವನ ಹಾಗೆ’ ಎಂದುಕೊಂಡ ಮತ್ತು ತೆರೆಯ ಮೇಲಿನದನ್ನು ನಿಜವೆಂದು ನಂಬಿದ ಮಕ್ಕಳಲ್ಲಿ ಈ ಸಂಬಂಧ ಬಲವಾಗಿತ್ತು.

ಇಷ್ಟು ಹೇಳಿ ಇನ್ನೊಂದು ಮಗ್ಗುಲನ್ನು ಮುಚ್ಚಿಡುವುದು ನ್ಯಾಯವಲ್ಲ. 2019ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು 1004 ಬ್ರಿಟಿಷ್ ಹದಿಹರೆಯದವರನ್ನು ಅಭ್ಯಸಿಸಿ, ಹಿಂಸೆಯ ವಿಡಿಯೋ ಆಟಕ್ಕೂ ಅವರ ಆಕ್ರಮಣಶೀಲತೆಗೂ ಸಂಬಂಧ ಕಾಣಲಿಲ್ಲವೆಂದರು. ಅಮೇರಿಕದ ಮನಶ್ಶಾಸ್ತ್ರಜ್ಞರ ಸಂಘವು 2020ರಲ್ಲಿ, ಇಂತಹ ಆಟಗಳಿಗೂ ಕೂಗಾಟ, ತಳ್ಳಾಟಗಳಿಗೂ ಸಣ್ಣ ಸಂಬಂಧವಿದೆ, ಆದರೆ ಕೊಲೆಯಂತಹ ಕೃತ್ಯಗಳಿಗೆ ಆಟವೇ ಕಾರಣವೆನ್ನಲು ಸಾಕಷ್ಟು ಪುರಾವೆಯಿಲ್ಲ ಎಂದಿತು. 2019ರ ಸೆಪ್ಟೆಂಬರಿನಲ್ಲಿ ಬೆಳಗಾವಿ ಬಳಿಯ ಕಾಕತಿಯಲ್ಲಿ, ಪಬ್‌ಜಿ ಆಟಕ್ಕೆ ಆಕ್ಷೇಪಿಸಿದ ತಂದೆಯನ್ನು ಮಗ ಕೊಂದನೆಂಬ ಸುದ್ದಿ ನಿಮಗೆ ನೆನಪಿರಬಹುದು. ಅಂದು ಎಷ್ಟೋ ಜನ ‘ಆಟವೇ ಕೊಂದಿತು’ ಎಂದರು. ಸಂಶೋಧನೆ ಅಷ್ಟು ಹೇಳಲು ಬಿಡುವುದಿಲ್ಲ. ಅರಿವಿಲ್ಲದ ವಿಷಯದ ಬೆನ್ನು ಹತ್ತಬೇಡಿ, ಕಿವಿ, ಕಣ್ಣು, ಹೃದಯಗಳೆಲ್ಲದರ ವಿಚಾರಣೆಯಿದೆ ಎಂಬ ಕುರ್‌ಆನಿನ (17:36) ಎಚ್ಚರಿಕೆ ಉಪದೇಶ ಮಾಡುವ ನಮಗೂ ಅನ್ವಯಿಸುತ್ತದೆ.

ಈಗ ಪಡಸಾಲೆಗೆ ಮರಳೋಣ. ಮಕ್ಕಳ ಟಿ.ವಿ. ವೀಕ್ಷಣೆಯಲ್ಲಿ ತಂದೆತಾಯಿಯ ಪಾತ್ರವನ್ನು ಅಭ್ಯಸಿಸಿದ ಆಮಿ ನೇಥನ್ಸನ್ ಎಂಬ ಸಂಶೋಧಕಿ 1999ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿದರು. ಮಿತಿ ಹಾಕಿದ ಮತ್ತು ನೋಡಿದ್ದರ ಬಗ್ಗೆ ಮಾತಾಡಿದ ಮನೆಗಳ ಮಕ್ಕಳಲ್ಲಿ ಆಕ್ರಮಣಶೀಲತೆ ಕಡಿಮೆಯಿತ್ತು. ಆದರೆ ತಂದೆತಾಯಿ ಜೊತೆಗೆ ಕುಳಿತು ಸುಮ್ಮನೆ ನೋಡುವ ಮನೆಗಳಲ್ಲಿ ಅದು ಹೆಚ್ಚಿತ್ತು! ಹಿರಿಯರ ಮೌನವನ್ನು ಮಗು ಒಪ್ಪಿಗೆಯೆಂದು ಓದಿಕೊಳ್ಳುತ್ತದೆ.

ಮದ್ರಸದಲ್ಲಿ ಓದಿದವರಿಗೆ ಇದು ಹೊಸ ಮಾತಲ್ಲ. ಹದೀಸ್ ಶಾಸ್ತ್ರದಲ್ಲಿ ಪ್ರವಾದಿವರ್ಯರ(ಸ) ಮಾತು ಮತ್ತು ಕೃತಿಯ ಜೊತೆಗೆ ಮೂರನೆಯದೊಂದಿದೆ: ತಕ್ರೀರ್. ತಮ್ಮ ಮುಂದೆ ನಡೆದ ಕೆಲಸವನ್ನು ಕಂಡು ಅವರು ಬೇಡವೆನ್ನದೆ ಸುಮ್ಮನಿದ್ದರೆ, ಆ ಮೌನವೇ ಅನುಮತಿ. ನಮ್ಮ ಮೌನಕ್ಕೆ ಆ ಸ್ಥಾನವಿಲ್ಲ ನಿಜ, ಆದರೆ ಏಳು ವರ್ಷದ ಮಗುವಿಗೆ ಅಬ್ಬಾರ ಮೌನವೂ ಒಂದು ಅನುಮತಿಯೇ. ಪುಟ್ಟ ಹಸನ್(ರ) ದಾನದ ಖರ್ಜೂರವನ್ನು ಬಾಯಿಗೆ ಹಾಕಿಕೊಂಡಾಗ ಪ್ರವಾದಿವರ್ಯರು(ಸ) ‘ಮಗುವಲ್ಲವೇ’ ಎಂದು ಸುಮ್ಮನಿರಲಿಲ್ಲ. ಕೂಡಲೇ ಉಗುಳಿಸಿದರು, ನಾವು ದಾನದ್ದನ್ನು ತಿನ್ನುವುದಿಲ್ಲವೆಂದು ಕಾರಣವನ್ನೂ ಹೇಳಿದರು (ಬುಖಾರಿ, ಮುಸ್ಲಿಮ್).

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಎಷ್ಟೋ ಮನೆಗಳಲ್ಲಿ ತಂದೆತಾಯಿ ದುಡಿಯಲು ಗೋವಾ, ಪುಣೆಗೆ ಹೋಗಿರುತ್ತಾರೆ. ಮಗುವೂ ಮೊಬೈಲೂ ಅಜ್ಜಿಯ ಬಳಿ ಉಳಿಯುತ್ತವೆ. ‘ನನಗ ಓದಾಕ ಬರೂದಿಲ್ಲ, ಅದರಾಗ ಏನ್ ನೋಡತಾನೋ ಏನೋ’ ಎಂದು ಒಬ್ಬ ತಾಯಿ ನನ್ನಲ್ಲಿ ಹೇಳಿಕೊಂಡರು. ಓದು ಬಾರದಿದ್ದರೇನು, ಕೇಳಲು ಬರುತ್ತದಲ್ಲ! ‘ಹೊಡೆಸಿಕೊಂಡಾಂವ ಯಾರು? ಅವನ ಮನ್ಯಾಗ ಯಾರ್ಯಾರ ಅದಾರ?’ ಎಂದು ಕೇಳಲು ಯಾವ ಅಕ್ಷರವೂ ಬೇಡ.

ನಾನು ಕನ್ನಡ ಕಲಿಸುವ ತರಗತಿಯಲ್ಲಿ ಹುಡುಗನೊಬ್ಬ ಬೆಂಚಿನ ಮೇಲಿಂದ ಹಾರಿ ಗೆಳೆಯನ ಎದೆಗೆ ಒದ್ದ. ನಾನು ಬೈಯಬೇಕೆಂದಿದ್ದೆ, ಯಾಕೋ ಪ್ರಶ್ನೆ ಕೇಳಿದೆ. ‘ಸಿನೆಮಾದಾಗ ಹೀರೋ ಹಿಂಗ ಒದೀತಾನ ಸರ’ ಎಂದ. ‘ಒದೆಸಿಕೊಂಡವನು ಆಮೇಲೆ ಏನಾದ?’ ಹುಡುಗ ಬಹಳ ಹೊತ್ತು ಯೋಚಿಸಿದ. ‘ಅಂವ ಮತ್ತ ಬರಲಿಲ್ರಿ ಸರ’ ಎಂದ. ಅದನ್ನು ಅವನು ಅಲ್ಲಿಯತನಕ ಯೋಚಿಸಿಯೇ ಇರಲಿಲ್ಲ.

ಮಗು ಮೊಬೈಲ್ ಕಸಿದರೆ ಕೈ ಮಾಡುವಷ್ಟು, ನಿದ್ದೆ ಬಿಡುವಷ್ಟು ಮುಂದೆ ಹೋಗಿದ್ದರೆ ಮಾತಷ್ಟೇ ಸಾಲದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಇದಕ್ಕೆಂದೇ ಚಿಕಿತ್ಸಾಲಯ ಆರಂಭವಾಯಿತು. ಅಷ್ಟು ದೂರ ಹೋಗಲಾಗದವರು ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.