ಟೈಮರ್ ಪೆಟ್ಟಿಗೆಯ ಬಡಿತ ಮತ್ತು ಅದನ್ನು ಕಾಯುವ ನಾಯಿ

ನಮ್ಮ ಬೋರ್‌ವೆಲ್‌ನಲ್ಲಿ ನೀರು ಕಡಿಮೆ. 40 ನಿಮಿಷ ಎತ್ತಿದರೆ ಒಂದು ಗಂಟೆ ಬಿಡಬೇಕು, ಆಮೇಲೆ ಮತ್ತೆ ಊರುತ್ತದೆ. ನಮ್ಮ ಕಡೆ ಬಹಳ ಜನರ ಪಾಡು ಇದೇ. ರಾತ್ರಿ ಕರೆಂಟ್ ಬಂದಾಗಲೆಲ್ಲ ಎದ್ದು ಕೂರೋಕೆ ಆಗಲ್ಲ ಅಂತ ಸ್ಟಾರ್ಟರ್ ಪಕ್ಕದಲ್ಲಿ ಒಂದು ಟೈಮರ್ ಪೆಟ್ಟಿಗೆ ಹಾಕಿಸಿದ್ದೆ. ಎರಡು ವರ್ಷ ಚೆನ್ನಾಗೇ ನಡೆಯಿತು. ಹೋದ ಬೇಸಿಗೆ ಒಂದು ರಾತ್ರಿ ಅದು ಮೋಟರ್ ಆನ್ ಮಾಡಿತು, ಆಫ್ ಮಾಡಲಿಲ್ಲ. ನೀರು ಮುಗಿದ ಮೇಲೂ ಓಡಿ ಓಡಿ ವೈಂಡಿಂಗ್ ಸುಟ್ಟುಹೋಯಿತು. ಓವರ್‌ಲೋಡ್ ಇರಲಿಲ್ಲವಾ ಅಂತ ಕೇಳಬಹುದು. ಇತ್ತು. ಆದರೆ ನೀರಿಲ್ಲದೆ ಓಡುವ ಮೋಟರ್ ಆಂಪಿಯರ್ ಕಡಿಮೆ ಎಳೆಯುತ್ತದೆ. ಜಾಸ್ತಿ ಎಳೆದರೆ ಬೀಳುವ ಓವರ್‌ಲೋಡ್‌ಗೆ ಇದು ತಿಳಿಯೋದೇ ಇಲ್ಲ.

ಪೆಟ್ಟಿಗೆ ಮಾಡಿಕೊಟ್ಟವರು "ಕರೆಂಟ್ ಏರಿಳಿತ" ಅಂದು ಸುಮ್ಮನಾದರು. ಬೆಂಗಳೂರಿನ ಜೋಗುಪಾಳ್ಯದಲ್ಲಿ ನನ್ನ ಅಕ್ಕನ ಮಗ ಬಾಡಿಗೆಗೆ ಇದ್ದಾನೆ. ಅವನ ಮನೆ ಹಿಂದಿನ ಗಲ್ಲಿಯಲ್ಲಿ ಇಂಥ ಕಾರ್ಡ್ ರಿಪೇರಿ ಮಾಡುವವರೊಬ್ಬರು ಇದ್ದಾರೆ ಅಂತ ಹೇಳಿದ. ಕಾರ್ಡ್ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಎರಡು ದಿನ ಅವರ ಪಕ್ಕದಲ್ಲೇ ಕೂತು ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪೆಟ್ಟಿಗೆಯೊಳಗೆ ಕೆಲಸ ಮಾಡೋದು ಮೈಕ್ರೊಕಂಟ್ರೋಲರ್ ಅನ್ನುವ ಒಂದು ಐಸಿ. ಅದರಲ್ಲಿ ಬರೆದಿಟ್ಟ ಆಜ್ಞೆಗಳನ್ನು ಒಂದೊಂದಾಗಿ ನಡೆಸುತ್ತ ಹೋಗುತ್ತದೆ. ಆದರೆ ಪ್ರತಿ ಹೆಜ್ಜೆಗೂ ಅದಕ್ಕೆ ಬಡಿತ ಬೇಕು. ಕೋಲಾಟದಲ್ಲಿ ತಾಳ ನಿಂತರೆ ಎತ್ತಿದ ಕೋಲು ಎತ್ತಿದ ಹಾಗೇ ನಿಲ್ಲುತ್ತದಲ್ಲ, ಇದೂ ಹಾಗೇ. ತಾಳ ಹಾಕುವ ಭಾಗಕ್ಕೆ ಆಸಿಲೇಟರ್ ಅನ್ನುತ್ತಾರೆ.

ಬೆಂಗಳೂರಿನ ಎಚ್.ಎಂ.ಟಿ.ಯವರು 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಕೀ ಕೊಡುವ ವಾಚು ಮಾಡೋಕೆ ಶುರು ಮಾಡಿದರು. ಅವರ ಜನತಾ ವಾಚು ಬಹಳ ಮನೆಗಳಲ್ಲಿ ಇತ್ತು. ಅದರ ಚಕ್ರ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಸಲ ಬಡಿಯುತ್ತದೆ. ಸೆಲ್ ಹಾಕುವ ಕ್ವಾರ್ಟ್ಸ್ ವಾಚಿನಲ್ಲಿ ಚಕ್ರದ ಬದಲು ಚಿಕ್ಕದೊಂದು ಹರಳು, ಅದೇ ಕ್ರಿಸ್ಟಲ್, ಸೆಕೆಂಡಿಗೆ 32,768 ಸಲ ಅದುರುತ್ತದೆ. ಈ ವಿಚಿತ್ರ ಸಂಖ್ಯೆ ಯಾಕೆ? ಅರ್ಧ ಮಾಡುತ್ತ ಹೋಗಿ ನೋಡಿ. 15ನೇ ಸಲಕ್ಕೆ ಸರಿಯಾಗಿ 1 ಬರುತ್ತದೆ. ನನ್ನ ಪೆಟ್ಟಿಗೆಯದು 12 ಮೆಗಾಹರ್ಟ್ಸ್ ಕ್ರಿಸ್ಟಲ್, ಸೆಕೆಂಡಿಗೆ 1 ಕೋಟಿ 20 ಲಕ್ಷ ಬಡಿತ.

ಕ್ರಿಸ್ಟಲ್ ಇಲ್ಲದೆಯೂ ನಡೆಸಬಹುದು. ಡ್ರಮ್ ತುಂಬಿ ಖಾಲಿಯಾಗುವ ಹಾಗೆ ಕೆಪ್ಯಾಸಿಟರ್ ತುಂಬಿ ಖಾಲಿಯಾಗಿ ಬಡಿತ ಕೊಡುವ ಏರ್ಪಾಡು ಬಹಳ ಐಸಿಗಳ ಒಳಗೇ ಇರುತ್ತದೆ. ಖರ್ಚು ಉಳಿಯುತ್ತದೆ, ಆದರೆ ಬಿಸಿಲಿಗೆ, ವೋಲ್ಟೇಜಿಗೆ ಹೆಚ್ಚುಕಮ್ಮಿ ಆಗುತ್ತದೆ. ನೂರಕ್ಕೆ ಒಂದು ತಪ್ಪಿದರೂ ದಿನಕ್ಕೆ 14 ನಿಮಿಷ 24 ಸೆಕೆಂಡು. ಕ್ರಿಸ್ಟಲ್ 10 ಲಕ್ಷಕ್ಕೆ 20 ತಪ್ಪಿದರೆ ದಿನಕ್ಕೆ 2 ಸೆಕೆಂಡೂ ಇಲ್ಲ. ನನ್ನಂತೆ 40 ನಿಮಿಷ ಲೆಕ್ಕ ಹಾಕುವವರಿಗೆ ಇದು ದೊಡ್ಡ ವಿಷಯವಲ್ಲ. ಬೆಳಗ್ಗೆ ಇಷ್ಟು ಗಂಟೆಗೇ ಶುರುವಾಗಲಿ ಅನ್ನುವವರಿಗೆ ತಿಂಗಳಲ್ಲಿ 7 ಗಂಟೆ ವ್ಯತ್ಯಾಸ ಬಂದೀತು.

ನನ್ನ ಕಾರ್ಡ್ ಮೇಲೆ ಇರುವೆ ಮಣ್ಣು ತುಂಬಿತ್ತು, ಕ್ರಿಸ್ಟಲ್ ಕಾಲು ತೇವಕ್ಕೆ ಹಸಿರುಗಟ್ಟಿತ್ತು. ಬಡಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಇಟ್ಟರೆ ಗೆರೆ ಚಪ್ಪಟೆ. ಬೆರಳು ತಾಗಿಸಿದರೆ ಒಮ್ಮೆ ಬಡಿದು ಮತ್ತೆ ನಿಲ್ಲುತ್ತಿತ್ತು. "ನೋಡಿ ಯಜಮಾನ್ರೇ, ತಾಳ ನಿಂತಾಗ ಐಸಿ ಸಾಯಲ್ಲ. ಕೊನೇ ಆಜ್ಞೆ ಹಾಗೇ ಹಿಡ್ಕೊಂಡಿರುತ್ತೆ. ನಿಮ್ಮ ಗ್ರಹಚಾರಕ್ಕೆ ಕೊನೇ ಆಜ್ಞೆ ಮೋಟರ್ ಆನ್" ಅಂದರು.

ಹಾಗಾಗದಿರಲಿ ಅಂತ ಐಸಿ ಒಳಗೇ ಒಂದು ಕಾವಲು ಇರುತ್ತದೆ. ಇಂಗ್ಲಿಷಿನಲ್ಲಿ ವಾಚ್‌ಡಾಗ್ ಟೈಮರ್, ಅಂದರೆ ಕಾವಲು ನಾಯಿ. ಕಡಲೆಕಾಯಿ ಹೊಲಕ್ಕೆ ಹಂದಿ ಕಾಯುವಾಗ ಅಟ್ಟಣೆಯಿಂದ ಅಟ್ಟಣೆಗೆ ಕೂಗು ಹಾಕುತ್ತೇವೆ. ಒಂದು ಕಡೆಯಿಂದ ಕೂಗು ಬರದಿದ್ದರೆ ಪಕ್ಕದವನು ಹೋಗಿ ಎಬ್ಬಿಸುತ್ತಾನೆ. ಐಸಿಯ ಕೆಲಸ ಸರಿಯಾಗಿ ನಡೆದಿದ್ದರೆ ಅದು ಹೊತ್ತುಹೊತ್ತಿಗೆ ನಾಯಿಗೆ ಕೂಗು ಕೊಡಬೇಕು. ಕೊಡದಿದ್ದರೆ ನಾಯಿ ಐಸಿಯನ್ನು ರಿಸೆಟ್ ಮಾಡಿ ಮೊದಲಿನಿಂದ ಶುರು ಮಾಡಿಸುತ್ತದೆ. ಅಮೆರಿಕದ ಪಾಥ್‌ಫೈಂಡರ್ 1997ರ ಜುಲೈ 4ರಂದು ಮಂಗಳ ಗ್ರಹದಲ್ಲಿ ಇಳಿಯಿತು. ಆಮೇಲೆ ಅದರ ಕಂಪ್ಯೂಟರ್ ಪದೇ ಪದೇ ಸಿಕ್ಕಿಹಾಕಿಕೊಂಡಾಗ ಎಬ್ಬಿಸುತ್ತಿದ್ದದ್ದು ಇಂಥದೇ ನಾಯಿ. ತಪ್ಪನ್ನು ಭೂಮಿಯಿಂದಲೇ ಹುಡುಕಿ ಸರಿ ಮಾಡಿದರು.

ಹಾಗಾದರೆ ನನ್ನ ಪೆಟ್ಟಿಗೆಯ ನಾಯಿ ಎಲ್ಲಿ ಹೋಗಿತ್ತು? ಅದರಲ್ಲಿದ್ದ ಐಸಿ ಎಟಿ89ಎಸ್52. ಅದರಲ್ಲಿ ನಾಯಿ ಇದೆ. ಆದರೆ ಪ್ರೋಗ್ರಾಂ ಬರೆಯುವವರು ಅದನ್ನು ಬಿಚ್ಚಿ ಬಿಡಬೇಕು. ನನ್ನದರಲ್ಲಿ ಬಿಟ್ಟಿರಲೇ ಇಲ್ಲ. ಬಿಟ್ಟಿದ್ದರೂ ಆ ರಾತ್ರಿ ಪ್ರಯೋಜನ ಆಗುತ್ತಿರಲಿಲ್ಲ. ಯಾಕೆಂದರೆ ಆ ಐಸಿಯಲ್ಲಿ ನಾಯಿ ಹೊತ್ತು ಎಣಿಸೋದೂ ಅದೇ ಕ್ರಿಸ್ಟಲ್ ಬಡಿತದಲ್ಲಿ. ಕಾಯಬೇಕಾದ್ದೂ ಕಾಯುವುದೂ ಒಟ್ಟಿಗೇ ನಿಂತುಬಿಡುತ್ತವೆ. ಇದು ನನಗೆ ತಲೆಗೆ ಹೋಗೋಕೆ ಅರ್ಧ ದಿನ ಬೇಕಾಯಿತು.

ಅವರು ಎಟಿಮೆಗಾ328 ಅನ್ನುವ ಐಸಿ ಹಾಕಿ ಬೇರೆ ಕಾರ್ಡ್ ಮಾಡಿಕೊಟ್ಟರು. ಇದರ ನಾಯಿಗೆ ತನ್ನದೇ ಬೇರೆ ಬಡಿತ, 128 ಕಿಲೊಹರ್ಟ್ಸ್. ಕಾಯುವ ಅವಧಿಯನ್ನು 16 ಮಿಲಿಸೆಕೆಂಡಿನಿಂದ 8 ಸೆಕೆಂಡಿನವರೆಗೆ ಇಡಬಹುದು, ನನ್ನದಕ್ಕೆ 2 ಸೆಕೆಂಡ್ ಇಟ್ಟಿದ್ದಾರೆ. ರಿಸೆಟ್ ಆದ ಕೂಡಲೇ ಐಸಿ ರಿಲೇಯ ಕೈ ಬಿಡುತ್ತದೆ. ರಿಲೇ ತಾನಾಗಿ ಆಫ್ ಆಗುವ ಹಾಗೆ ಒಂದು ರೆಸಿಸ್ಟರ್ ಕೊಟ್ಟಿದ್ದಾರೆ. ಮೇಜಿನ ಮೇಲೆ ಬರೀ 5 ವೋಲ್ಟಿನಲ್ಲಿ ನಡೆಸಿ, ರಿಲೇ ಆನ್ ಇದ್ದಾಗ ಕ್ರಿಸ್ಟಲ್‌ನ ಎರಡು ಕಾಲನ್ನು ಚಿಮುಟದಿಂದ ಕೂಡಿಸಿ ತಾಳ ನಿಲ್ಲಿಸಿದರು. ಎರಡು ಎಣಿಸುವಷ್ಟರಲ್ಲಿ ರಿಲೇ ಟಕ್ ಅಂತ ಬಿತ್ತು. ಪೆಟ್ಟಿಗೆ ಕೊಳ್ಳುವಾಗ ಈ ಪರೀಕ್ಷೆ ಮಾಡಿ ತೋರಿಸಿ ಅಂತ ಕೇಳಿ. ಹೊಲದಲ್ಲಿ ಲೈನ್ ಇರುವಾಗ ನೀವೇ ಮಾಡೋಕೆ ಹೋಗಬೇಡಿ.

ಇನ್ನೆರಡು ವಿಷಯ ಕೇಳಿಕೊಳ್ಳಿ. ನಾಯಿಗೆ ಕೂಗು ಕೊಡುವ ಆಜ್ಞೆ ಮುಖ್ಯ ಕೆಲಸದ ಸುತ್ತಿನಲ್ಲೇ ಇರಬೇಕು. ಕೆಲವರು ಅದನ್ನು ಹೊತ್ತುಹೊತ್ತಿಗೆ ತಾನೇ ನಡೆಯುವ ಇಂಟರಪ್ಟ್‌ನಲ್ಲಿ ಬರೆಯುತ್ತಾರಂತೆ. ಮುಖ್ಯ ಕೆಲಸ ಕೆಟ್ಟು ನಿಂತರೂ ಕೂಗು ಹೋಗುತ್ತಲೇ ಇರುತ್ತದೆ, ನಾಯಿಗೆ ಗೊತ್ತಾಗೋದಿಲ್ಲ. ಎರಡನೆಯದು, ರಿಸೆಟ್ ಆದ ಮೇಲೆ ಪೆಟ್ಟಿಗೆ ಮೊದಲು ಒಂದು ಗಂಟೆಯ ಬಿಡುವಿನಿಂದ ಶುರು ಮಾಡಬೇಕು. ಮೋಟರ್‌ನಿಂದ ಶುರು ಮಾಡಿದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಬರಿದಾದ ಬೋರ್‌ವೆಲ್ ಮೇಲೆ ಮತ್ತೆ 40 ನಿಮಿಷ ಓಡುತ್ತದೆ. ಇದನ್ನು ಅವರಿಗೆ ಹೇಳಿದ್ದು ನಾನೇ.

ನಾಯಿ ಕಾಯೋದು ಐಸಿಯನ್ನು, ಅದಕ್ಕೆ ನೀರು ಕಾಣೋದಿಲ್ಲ. ಹಾಗಾಗಿ ಆಂಪಿಯರ್ ಇಳಿದರೆ ಮೋಟರ್ ನಿಲ್ಲಿಸುವ ಡ್ರೈ ರನ್ ರಿಲೇಯನ್ನು ಬೇರೆಯಾಗಿ ಹಾಕಿಸಿದ್ದೇನೆ. ಪೆಟ್ಟಿಗೆಯನ್ನು ನೆಲದಿಂದ ಎತ್ತರಕ್ಕೆ ಏರಿಸಿ, ತಂತಿ ಹೋಗುವ ತೂತುಗಳನ್ನು ಇರುವೆ ಹೋಗದಂತೆ ಮೆತ್ತಿದ್ದೇನೆ. ಸೆಕೆಂಡಿಗೊಮ್ಮೆ ಮಿಣುಕುವ ಒಂದು ಚಿಕ್ಕ ದೀಪ ಮುಂದುಗಡೆ ಇದೆ. ಅದು ಮಿಣುಕದಿದ್ದರೆ ಸ್ಟಾರ್ಟರ್ ಆನ್ ಮಾಡಬೇಡಿ ಅಂತ ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ.