ಕುಪ್ಪಳಿಯ ಮನೆ

ಕಮಠಾಣದ ಬಯಲಿನಿಂದ ಹೊರಟು ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯನ್ನು ಸೇರಿದ ನಮಗೆ ಮೊದಲು ಕಣ್ಣಿಗೆ ಬಿದ್ದುದು ಮನೆಯಲ್ಲ, ಕಾಡು. ಶ್ರೀ ಕುವೆಂಪುರವರು (1904–1994) ಬೆಳೆದ ಈ ಮೂರಂತಸ್ತಿನ ತೊಟ್ಟಿಮನೆಯು ಈಗ ವಸ್ತುಸಂಗ್ರಹಾಲಯವಾಗಿದೆ. ನಮ್ಮ ಸೀಮೆಯ ವಾಡೆಗಳಿಗೂ ನಡುವೆ ಅಂಗಳವುಂಟು. ಆದರೆ ನಮ್ಮ ಮಣ್ಣಿನ ಮಾಳಿಗೆಯು ಮಲೆನಾಡಿನ ಮಳೆಗೆ ನಿಲ್ಲಲಾರದು, ಆದುದರಿಂದ ಅಲ್ಲಿ ಇಳಿಜಾರಾದ ಹೆಂಚಿನ ಮಾಡು. ದಕ್ಷಿಣ ಕನ್ನಡದಿಂದ ಬಂದ ಉಪಾಧ್ಯಾಯರೊಬ್ಬರು ಬಾಲಕನಿಗೆ ಮನೆಯಲ್ಲಿಯೇ ಪಾಠ ಹೇಳಿದರು.

‘ಕಾನೂರು ಹೆಗ್ಗಡಿತಿ’ (1936), ‘ಮಲೆಗಳಲ್ಲಿ ಮದುಮಗಳು’ (1967) ಎಂಬ ಕಾದಂಬರಿಗಳ ಜಗಲಿ, ಉಪ್ಪರಿಗೆ, ಅಡುಗೆಮನೆಗಳನ್ನು ಇಂಥ ಮನೆಯಲ್ಲಿ ಬೆಳೆದವರಲ್ಲದೆ ಅನ್ಯರು ಬರೆಯಲಾರರು. ಹಾಗೆಂದು ಕುಪ್ಪಳಿಯೇ ಕಾನೂರೆಂದು ತಿಳಿಯಬಾರದು; ಕಾನೂರು ಕವಿಯು ಕಟ್ಟಿದ ಊರು. ಅಡುಗೆಮನೆಯಲ್ಲಿ ನಾವು ಬಹಳ ಹೊತ್ತು ನಿಂತೆವು. ಮುದಿ ಗೌಡನಿಗೆ ಮೂರನೆಯ ಹೆಂಡತಿಯಾಗಿ ಬಂದ ಎಳೆಯ ಸುಬ್ಬಮ್ಮನ ನೆನಪಾಗದೆ ಅಲ್ಲಿ ನಿಲ್ಲುವುದು ಹೆಂಗಸರಿಗೆ ಕಷ್ಟ.

ಎರಡನೆಯ ಕಾದಂಬರಿಯಲ್ಲಿ ಕ್ರೈಸ್ತ ಉಪದೇಶಿಯೊಬ್ಬನು ಬರುತ್ತಾನೆ. ಆ ಚಿತ್ರವು ನಮಗೆ ಹಿತವಾದುದಲ್ಲ. ಅದೇ ಕಾರಣದಿಂದ ಪುಸ್ತಕವನ್ನು ನಿಮ್ಮ ಕೈಗೆ ಕೊಡಲು ಕೆಲವು ವರ್ಷ ಹಿಂಜರಿದೆವು. ತಪ್ಪು ನಮ್ಮದೇ. ಹಿಂದಿರುಗಿದ ವಾರದಲ್ಲಿಯೇ ಅದನ್ನು ಶಾಲೆಯ ಪುಸ್ತಕಭಂಡಾರದಲ್ಲಿ ಇರಿಸಿದ್ದೇವೆ. ಹತ್ತನೆಯ ತರಗತಿಯವರು ಬೇಸಗೆಯ ರಜೆಗೆ ಮನೆಗೆ ಒಯ್ಯಬಹುದು.